ಸೂಸಲವೋ, ಇಡ್ಲಿಯೋ, ರಾತ್ರಿಯ ರೊಟ್ಟಿಯೋ? ಶುಗರ್ ಏರದ ನಾಷ್ಟಾ ಆರಿಸುವ ಬಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಊಟ ಅಂದರೆ ಜೋಳದ ರೊಟ್ಟಿ. ಆದರೆ ಮುಂಜಾನೆ ಎಂಟು ಗಂಟೆಗೆ ಯಾವುದಾದರೂ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ನೋಡಿ. ರೊಟ್ಟಿ ಎಲ್ಲೂ ಕಾಣುವುದಿಲ್ಲ. ಸೂಸಲ (ನೆನೆಸಿದ ಚುರಮರಿಯ ಒಗ್ಗರಣೆ)-ಮಿರ್ಚಿ, ಉಪ್ಪಿಟ್ಟು-ಶಿರಾ, ಇಡ್ಲಿ-ವಡಾ, ಪೂರಿ-ಭಾಜಿ. ಬೆಳಗಾವಿ ಕಡೆಗಾದರೆ ಅವಲಕ್ಕಿ, ಮಿಸಳ್-ಪಾವ್. ಎಲ್ಲದರ ಜೊತೆಗೂ ಸಿಹಿ ಚಹಾ. ಮಧ್ಯಾಹ್ನ ರೊಟ್ಟಿ ತಿಂದು ಶುಗರ್ ಹಿಡಿತದಲ್ಲಿ ಇಟ್ಟುಕೊಂಡವರಿಗೂ ಮುಂಜಾನೆಯ ಲೆಕ್ಕ ತಪ್ಪುವುದು ಇಲ್ಲೇ.

ಮುಂಜಾನೆ ಹೊತ್ತಿಗೆ ಇನ್ನೊಂದು ತೊಡಕೂ ಇದೆ. ಬೆಳಗಿನ ಜಾವ ದೇಹ ಏಳುವ ತಯಾರಿ ಮಾಡುತ್ತದೆ. ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಇವೆಲ್ಲ ಏರುತ್ತವೆ. ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಶುಗರ್ ಇರುವವರಿಗೆ ಮಾತ್ರ ಏನೂ ತಿನ್ನದೆಯೇ ಮೀಟರ್ ಮೇಲೆ ಹೋಗಿರುತ್ತದೆ. ಅದರ ಮೇಲೆ ಒಂದು ಪ್ಲೇಟ್ ಸೂಸಲ ಬಿದ್ದರೆ? ಅದಕ್ಕೇ ಮಧ್ಯಾಹ್ನ ತಿಂದರೆ ಅಷ್ಟೇನೂ ಏರಿಸದ ತಿಂಡಿ, ಮುಂಜಾನೆ ತಿಂದಾಗ ಬಹಳ ಜನರಿಗೆ ಜಾಸ್ತಿ ಏರಿಸುತ್ತದೆ.

ಇದು ನಾಲ್ಕಾರು ಜನರ ತಾಪತ್ರಯ ಅಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಡಯಾಬಿಟಿಸ್ ಇದೆ. ಇನ್ನೂ ಶೇ. 15.3 ಮಂದಿ ಅದರ ಹೊಸ್ತಿಲಲ್ಲಿ ಇದ್ದಾರೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 (ಮಿ.ಗ್ರಾಂ/ಡಿ.ಎಲ್) ಬಂದರೆ ಹೊಸ್ತಿಲು, 126 ಅಥವಾ ಅದಕ್ಕಿಂತ ಜಾಸ್ತಿ ಮತ್ತೆ ಮತ್ತೆ ಬಂದರೆ ಡಯಾಬಿಟಿಸ್. ಈ ಬರಹ ಎರಡೂ ಗುಂಪಿನವರಿಗೆ.

ಯಾವುದರ ಮೇಲೆ ಹೋಲಿಸಬೇಕು?

ಗ್ಲೈಸಿಮಿಕ್ ಇಂಡೆಕ್ಸ್ ಅನ್ನೋ ಮಾತು ಈಗ ಎಲ್ಲರ ಕಿವಿಗೂ ಬಿದ್ದಿದೆ. 1981ರಲ್ಲಿ ಕೆನಡಾದ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು, ತಿಂದದ್ದು ಶುಗರನ್ನು ಎಷ್ಟು ಏರಿಸುತ್ತದೆ ಅಂತ ನೋಡಲು ಕೊಟ್ಟ ಅಳತೆ ಇದು. ಶುದ್ಧ ಗ್ಲೂಕೋಸ್‌ಗೆ 100 ಅಂಕ. 55ರವರೆಗೆ ನಿಧಾನ, 70 ದಾಟಿದರೆ ವೇಗ. ಬಿಳಿ ಬ್ರೆಡ್ 75ರ ಆಸುಪಾಸು, ಬೇಯಿಸಿದ ಕಡಲೆಕಾಳು 30ರ ಆಸುಪಾಸು. ಉಪಯೋಗ ಇದೆ, ಇಲ್ಲ ಅಂತಲ್ಲ. ಆದರೆ ಯಾರೂ ಬರೀ ಚುರಮರಿ ತಿನ್ನುವುದಿಲ್ಲ, ಬರೀ ರೊಟ್ಟಿ ಕಡಿಯುವುದಿಲ್ಲ ಅಲ್ವಾ? ಜೊತೆಗೆ ಶೇಂಗಾ, ಮೊಸರು, ಕಾಳು, ಎಣ್ಣೆ ಸೇರಿದ ಕೂಡಲೇ ಆ ಅಂಕಿ ಬದಲಾಗುತ್ತದೆ.

ಅದಕ್ಕೆ ನಾನು ಪ್ಲೇಟನ್ನೇ ಹೋಲಿಸುತ್ತೇನೆ, ಧಾನ್ಯವನ್ನಲ್ಲ. ನೋಡಬೇಕಾದ್ದು ಮೂರು. ಕಾಳು ಎಷ್ಟು ಪುಡಿಯಾಗಿದೆ, ಅರಳಿದೆ, ಮೆತ್ತಗಾಗಿದೆ? ಪಿಷ್ಟದ ಪಾಲು ಪ್ಲೇಟಿನಲ್ಲಿ ಎಷ್ಟಿದೆ? ಅದರ ಪಕ್ಕದಲ್ಲಿ ಪ್ರೋಟೀನ್, ನಾರು ಏನಿದೆ? ನನ್ನ ಅನಿಸಿಕೆಯಲ್ಲಿ ಮೂರನೆಯದೇ ದೊಡ್ಡದು. ನಮ್ಮ ಜನ ವಾದ ಮಾಡುವುದು ಮಾತ್ರ ಬರೀ ಅಕ್ಕಿಯೋ ಜೋಳವೋ ಅಂತ.

ಸೂಸಲ ಮತ್ತು ಅವಲಕ್ಕಿ

ಸೂಸಲ ಹಗುರ ತಿಂಡಿ ಅಂತ ನಂಬಿಕೆ. ಹೊಟ್ಟೆಗೆ ಹಗುರ ಹೌದು, ಶುಗರಿಗೆ ಅಲ್ಲ. ಚುರಮರಿ ಮಾಡುವಾಗ ಅಕ್ಕಿಯನ್ನು ಕಾದ ಉಸುಕಿನಲ್ಲಿ ಹುರಿದು ಅರಳಿಸುತ್ತಾರೆ. ಒಳಗಿನ ಪಿಷ್ಟ ಪೂರ್ತಿ ತೆರೆದುಕೊಂಡಿರುತ್ತದೆ. ನಾವು ಅದನ್ನು ಮತ್ತೆ ನೀರಲ್ಲಿ ನೆನೆಸಿ ಹಿಂಡುತ್ತೇವೆ. ಹೊಟ್ಟೆಗೆ ಹೋದ ಮೇಲೆ ಜೀರ್ಣ ಆಗಲು ಉಳಿದ ಕೆಲಸ ಕಡಿಮೆ. ಸಕ್ಕರೆ ಬೇಗ ಬೇಗ ರಕ್ತಕ್ಕೆ ಸೇರುತ್ತದೆ. ಒಂದೂವರೆ ತಾಸಿಗೆ ಮತ್ತೆ ಹಸಿವು.

ಹಾಗಂತ ಸೂಸಲ ಬಿಟ್ಟೇ ಬಿಡಿ ಅಂತ ಈ ಕಡೆಯವರಿಗೆ ಹೇಳಿದರೆ ಯಾರು ಕೇಳುತ್ತಾರೆ! ಅಳತೆ ತಿರುವಿ ಹಾಕಿ. ಚುರಮರಿ ಅರ್ಧಕ್ಕೆ ಇಳಿಸಿ. ಆ ಜಾಗಕ್ಕೆ ಒಂದು ಹಿಡಿ ಮೊಳಕೆ ಬಂದ ಹೆಸರುಕಾಳು, ಹುರಿದ ಶೇಂಗಾ, ಜಾಸ್ತಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ. ಪುಟಾಣಿ (ಹುರಿಗಡಲೆ) ಪುಡಿ ಧಾರಾಳವಾಗಿ ಉದುರಿಸಿ. ಮೇಲೆ ಲಿಂಬೆಹಣ್ಣು ಹಿಂಡಿ, ಹುಳಿಗೂ ಸ್ವಲ್ಪ ನಿಧಾನ ಮಾಡುವ ಗುಣ ಇದೆ. ಸಕ್ಕರೆ ಚಿಟಿಕೆ ಹಾಕುವ ರೂಢಿ ಇದ್ದರೆ ಅದನ್ನು ಬಿಡಿ.

ಪಕ್ಕದ ಮಿರ್ಚಿ? ಎಲ್ಲರೂ ಮೊದಲು ಬೈಯುವುದು ಅದಕ್ಕೇ. ಶುಗರ್ ಒಂದನ್ನೇ ನೋಡಿದರೆ ಸೂಸಲದಷ್ಟು ತಪ್ಪು ಮಿರ್ಚಿಯದಲ್ಲ. ಹೊದಿಕೆ ಕಡಲೆಹಿಟ್ಟಿನದು, ಎಣ್ಣೆ ಜೀರ್ಣವನ್ನು ನಿಧಾನ ಮಾಡುತ್ತದೆ. ಆದರೆ ತೂಕ, ಕೊಲೆಸ್ಟ್ರಾಲ್ ಅಂತ ಬೇರೆ ಲೆಕ್ಕಗಳೂ ಇವೆ. ಮೇಲಾಗಿ ಎಣ್ಣೆ ಹೆಚ್ಚಾದಾಗ ಶುಗರ್ ಏರುವುದು ತಡವಾಗುತ್ತದೆ, ತಪ್ಪುವುದಿಲ್ಲ. ಒಂದಕ್ಕೆ ನಿಲ್ಲಿಸಿ.

ಅವಲಕ್ಕಿ ಸಾಮಾನ್ಯವಾಗಿ ಚುರಮರಿಗಿಂತ ಒಂದು ಮೆಟ್ಟಿಲು ಮೇಲು. ದಪ್ಪ ಅವಲಕ್ಕಿ ಆರಿಸಿ, ತೆಳುವಾದದ್ದು ನೀರು ಕಂಡರೆ ಕರಗುತ್ತದೆ. ಬೆಳಗಾವಿಯ ಅವಲಕ್ಕಿಯಲ್ಲಿ ಬಟಾಟೆ ಇರುತ್ತದೆ, ಮೇಲೆ ಸಕ್ಕರೆ ಇರುತ್ತದೆ, ಕೊನೆಗೆ ಸೇವು. ಬಟಾಟೆ ತೆಗೆದು ಹಸಿ ಬಟಾಣಿ ಹಾಕಿದರೆ ರುಚಿ ಏನೂ ಕೆಡುವುದಿಲ್ಲ.

ಉಪ್ಪಿಟ್ಟು, ಗೋಧಿ ನುಚ್ಚು

ಸಾದಾ ರವೆ ಅಂದರೆ ತೌಡು ತೆಗೆದ ಗೋಧಿ. ಬಿಸಿ ನೀರಲ್ಲಿ ಬೇಗ ಅರಳುತ್ತದೆ, ಹೊಟ್ಟೆಯಲ್ಲೂ ಬೇಗ ಕರಗುತ್ತದೆ. ಗೋಧಿ ನುಚ್ಚಿನ ಉಪ್ಪಿಟ್ಟು ಇದಕ್ಕಿಂತ ಖಂಡಿತ ಒಳ್ಳೆಯದು. ಕಾಳು ದಪ್ಪಗೆ ಒಡೆದಿರುತ್ತದೆ, ತೌಡು ಉಳಿದಿರುತ್ತದೆ. ನಮ್ಮ ಕಡೆ ಬೆಳೆಯುವ ಖಪ್ಲಿ ಗೋಧಿಯ ನುಚ್ಚು ಸಿಕ್ಕರೆ ಇನ್ನೂ ಚಲೋ. ಬೇಯಲು ತಡ, ಅಗಿಯಲೂ ತಡ. ಶುಗರಿನವರಿಗೆ ಆ ತಡವೇ ಬೇಕಾದದ್ದು. ಪಾತ್ರೆಯಲ್ಲಿ ನುಚ್ಚು ಎಷ್ಟೋ ತರಕಾರಿ ಅಷ್ಟೇ ಇರಲಿ. ಜೊತೆಗೆ ಒಂದು ವಾಟಿ ಮೊಸರು.

ಅರ್ಧ ಉಪ್ಪಿಟ್ಟು ಅರ್ಧ ಶಿರಾ ಹಾಕಿಸಿಕೊಳ್ಳುವವರು ಬಹಳ. ಶಿರಾ ಅಂದರೆ ಅದೇ ರವೆ, ಮೇಲೆ ಸಕ್ಕರೆ. ಹಬ್ಬಕ್ಕಿರಲಿ.

ಇಡ್ಲಿ, ದೋಸೆ, ಪಡ್ಡು

ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಆದ್ದರಿಂದ ಇಡ್ಲಿ ಶುಗರಿಗೆ ಒಳ್ಳೆಯದು ಅಂತ ಎಷ್ಟು ಸಲ ಕೇಳಿದ್ದೀರಿ? ಅದು ಜ್ವರ ಬಂದವರಿಗೆ ಹೇಳುವ ಮಾತು. ಅಕ್ಕಿಯನ್ನು ನೆನೆಸಿ, ಅರೆದು, ಹುಳಿ ಬರಿಸಿ, ಮೆತ್ತಗೆ ಬೇಯಿಸಿದ್ದೇವೆ. ಬೇಗ ಜೀರ್ಣ ಆಗಲಿ ಅಂತಲೇ ಮಾಡಿದ ಹಾಗಿದೆ. ನಾಲ್ಕು ಇಡ್ಲಿ, ನೀರು ಚಟ್ನಿ, ಸಿಹಿ ಚಹಾ ಇದ್ದರೆ ಅದು ಪೂರ್ತಿ ಪಿಷ್ಟದ ಪ್ಲೇಟು.

ಕೇಳಿದರೆ ವಿಚಿತ್ರ ಅನಿಸಬಹುದು. ನಾಲ್ಕು ಇಡ್ಲಿಗಿಂತ ಎರಡು ಇಡ್ಲಿ, ಒಂದು ಉದ್ದಿನ ವಡಾ, ಒಂದು ಬಟ್ಟಲು ಗಟ್ಟಿ ಸಾಂಬಾರು ಇದ್ದರೆ ಶುಗರ್ ಕಡಿಮೆ ಏರುತ್ತದೆ. ವಡಾ ಬೇಳೆಯದು, ಸಾಂಬಾರು ಬೇಳೆಯದು. ದಿನಾ ಕರಿದದ್ದು ಬೇಡ ಅನ್ನುವುದು ಬೇರೆ ಮಾತು. ಮನೆಯಲ್ಲಾದರೆ ವಡಾದ ಬದಲು ಬೇಯಿಸಿದ ಮೊಟ್ಟೆ ಇಡಿ.

ದೋಸೆ, ಪಡ್ಡು ಎರಡೂ ಹೆಚ್ಚು ಕಡಿಮೆ ಅದೇ ಹಿಟ್ಟು. ಪಡ್ಡು ಮಾತ್ರ ಸಣ್ಣ ಸಣ್ಣದು ಅಂತ ಲೆಕ್ಕ ತಪ್ಪಿಸುತ್ತದೆ. ಈ ಗುಂಪಿನಲ್ಲಿ ನಿಜವಾಗಿ ಬೇರೆಯಾದದ್ದು ಹೆಸರುಕಾಳಿನ ದೋಸೆ. ರಾತ್ರಿ ನೆನೆಸಿ, ಮುಂಜಾನೆ ಹಸಿಮೆಣಸಿನಕಾಯಿ, ಶುಂಠಿ ಹಾಕಿ ರುಬ್ಬಿದರೆ ಮುಗಿಯಿತು. ಹುಳಿ ಬರಲಿ ಅಂತ ಕಾಯುವುದೂ ಬೇಡ. ಅಕ್ಕಿ ಬೆರೆಸದಿದ್ದರೆ ಅಕ್ಕಿ ದೋಸೆಗಿಂತ ನಿಧಾನ.

ಪೂರಿ-ಭಾಜಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಗೋಧಿ ಅಥವಾ ಮೈದಾ, ಅದರ ಜೊತೆ ಬಟಾಟೆ, ಸುತ್ತ ಎಣ್ಣೆ.

ಮಿಸಳ್

ಬೆಳಗಾವಿಯವರಿಗೆ ಇಲ್ಲಿ ಒಂದು ಲಾಭ ಇದೆ. ಮಿಸಳ್‌ನ ಜೀವ ಅಂದರೆ ಮೊಳಕೆ ಬಂದ ಮಡಕಿಕಾಳಿನ ಉಸಳ್. ನಾಷ್ಟಾದ ಹೋಟೆಲಿನಲ್ಲಿ ಸಿಗುವ ತಿಂಡಿಗಳಲ್ಲಿ ಪ್ರೋಟೀನು, ನಾರು ಎರಡೂ ಇರುವ ಕೆಲವೇ ತಿಂಡಿಗಳಲ್ಲಿ ಇದೂ ಒಂದು. ಹಾಳು ಮಾಡುವುದು ಮೇಲಿನ ಫರಸಾಣ (ಸೇವಿನಂಥ ಕರಿದ ತಿಂಡಿ), ಪಕ್ಕದ ಮೈದಾ ಪಾವು. ಫರಸಾಣ ಕಡಿಮೆ ಹಾಕಿ, ಕಾಳು ಜಾಸ್ತಿ ಹಾಕಿ ಅಂತ ಹೇಳಿ. ಮೊದಲು ಉಳ್ಳಾಗಡ್ಡಿ ಹಾಕಿಕೊಂಡು ಅರ್ಧ ಉಸಳ್ ತಿನ್ನಿ, ಆಮೇಲೆ ಪಾವು ಮುಟ್ಟಿ. ಒಂದು ಪಾವಿಗೆ ನಿಲ್ಲಿಸಿದರೆ ಇದು ಇಡ್ಲಿ ಪ್ಲೇಟಿಗಿಂತ ಎಷ್ಟೋ ಮೇಲು.

ಮೊದಲು ಯಾವುದು, ಆಮೇಲೆ ಯಾವುದು ಅನ್ನುವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ, ಅದೇ ಊಟಕ್ಕೆ ಶುಗರ್ ಕಡಿಮೆ ಏರುವುದು ಅಧ್ಯಯನಗಳಲ್ಲಿ ಕಂಡಿದೆ. ಖರ್ಚಿಲ್ಲದ ಉಪಾಯ.

ರೊಟ್ಟಿ: ಗೆಲ್ಲುತ್ತದೆ, ಆದರೆ ಒಂಟಿಯಾಗಿ ಅಲ್ಲ

ನನ್ನ ಓಟು ರಾತ್ರಿಯ ರೊಟ್ಟಿಗೆ. ತಂಗಳ ರೊಟ್ಟಿ ಮುರಿದು ಮೊಸರು ಹಾಕಿ, ಶೇಂಗಾ ಹಿಂಡಿ (ಚಟ್ನಿಪುಡಿ) ಇಟ್ಟುಕೊಂಡು, ಹಸಿ ಉಳ್ಳಾಗಡ್ಡಿ ಜಜ್ಜಿ ತಿನ್ನುವ ಪದ್ಧತಿ ಹೊಲಕ್ಕೆ ಹೋಗುವ ಮನೆಗಳಲ್ಲಿ ಈಗಲೂ ಇದೆ. ಪೇಟೆಯಲ್ಲಿ ಅದನ್ನು ನಾಷ್ಟಾ ಅಂತ ಯಾರೂ ಕರೆಯುವುದಿಲ್ಲ. ಬಂದವರ ಮುಂದೆ ಇಡಲು ನಾಚಿಕೆ. ಶುಗರಿನ ಲೆಕ್ಕದಲ್ಲಿ ಮಾತ್ರ ಮೇಲಿನ ಬಹುಪಾಲು ತಿಂಡಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಕಾರಣಗಳು ಇವೆ. ಜೋಳವನ್ನು ನಾವು ಸಿಪ್ಪೆ ಸಮೇತ ಬೀಸುತ್ತೇವೆ, 100 ಗ್ರಾಂ ಹಿಟ್ಟಿನಲ್ಲಿ 10 ಗ್ರಾಂ ಹತ್ತಿರ ನಾರು, ಅಷ್ಟೇ ಪ್ರೋಟೀನು. ಜೋಳದ ಪ್ರೋಟೀನು ಪಿಷ್ಟದ ಕಣಗಳ ಸುತ್ತ ಹೆಣೆದುಕೊಂಡು ಜೀರ್ಣವನ್ನು ನಿಧಾನ ಮಾಡುತ್ತದೆ. ರೊಟ್ಟಿ ರಾತ್ರಿಯಿಡೀ ಆರಿದಾಗ ಪಿಷ್ಟದ ಒಂದು ಪಾಲು ಮತ್ತೆ ಗಟ್ಟಿಯಾಗುತ್ತದೆ, ಆ ಪಾಲು ಸಣ್ಣ ಕರುಳಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಇದು ದೊಡ್ಡ ಪವಾಡ ಏನಲ್ಲ. ಪವಾಡ ಅಂತ ಮೊಬೈಲಿನಲ್ಲಿ ಬರುವ ವಿಡಿಯೋ ನಂಬಬೇಡಿ. ಸಣ್ಣ ಲಾಭ, ಆದರೆ ಪುಕ್ಕಟೆ.

ಈಗ ಎಚ್ಚರಿಕೆ. ಜೋಳ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವುದು ಸುಳ್ಳು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ 35 ಗ್ರಾಂ ಹತ್ತಿರ ಪಿಷ್ಟ ಇರುತ್ತದೆ. ಮೂರು ರೊಟ್ಟಿ ಅಂದರೆ ನೂರು ದಾಟಿತು. ಹೊಲದಲ್ಲಿ ಮಧ್ಯಾಹ್ನದವರೆಗೆ ದುಡಿಯುವವರಿಗೆ ಅದು ಸರಿ. ಕುರ್ಚಿಯಲ್ಲಿ ಕೂರುವವರಿಗೆ ಒಂದು, ಬಹಳ ಆದರೆ ಒಂದೂವರೆ. ಕಟಕ ರೊಟ್ಟಿ ಇನ್ನೂ ಮೋಸ. ತೆಳುವಾಗಿರುತ್ತದೆ, ಕಟಕಟ ಅಂತ ಕಡಿಯುತ್ತಾ ಎಷ್ಟು ಹೋಯಿತು ಗೊತ್ತೇ ಆಗುವುದಿಲ್ಲ. ಮೊದಲೇ ಎಣಿಸಿ ತಟ್ಟೆಗೆ ಹಾಕಿಕೊಂಡು ಡಬ್ಬಿ ಮುಚ್ಚಿ. ಚಳಿಗಾಲದಲ್ಲಿ ಸಜ್ಜಿ ರೊಟ್ಟಿ ಮಾಡುವವರು ಧಾರಾಳವಾಗಿ ಮಾಡಿ, ಅದೂ ಒಳ್ಳೆಯದೇ. ಅಳತೆಯ ಮಾತು ಅದಕ್ಕೂ ಅಷ್ಟೇ.

ರೊಟ್ಟಿಯನ್ನು ಗೆಲ್ಲಿಸುವುದು ಅದರ ಬಳಗ. ಶೇಂಗಾದಲ್ಲಿ ನಾಲ್ಕನೇ ಒಂದು ಪಾಲು ಪ್ರೋಟೀನೇ ಇದೆ, ಎರಡು ಚಮಚ ಹಿಂಡಿ ಸಾಕು. ಗುರೆಳ್ಳು, ಅಗಸಿ ಹಿಂಡಿಗಳಲ್ಲಿ ನಾರು, ಒಳ್ಳೆಯ ಎಣ್ಣೆ ಎರಡೂ ಇವೆ. ಬಿಪಿ ಇರುವವರು ಹಿಂಡಿಯ ಉಪ್ಪು ನೋಡಿಕೊಳ್ಳಿ. ಇವಕ್ಕಿಂತ ಮುಖ್ಯವಾದದ್ದು ಕಾಳುಪಲ್ಯ. ರಾತ್ರಿ ಮಡಕಿಕಾಳು, ಹೆಸರುಕಾಳು ಅಥವಾ ಕಡಲೆಕಾಳಿನ ಪಲ್ಯ ಮಾಡಿದಾಗ ಒಂದು ವಾಟಿ ಮುಂಜಾನೆಗೆ ಎತ್ತಿಡಿ. ಕಾಳು ತಿಂದ ಮುಂಜಾನೆಯ ಪರಿಣಾಮ ಮಧ್ಯಾಹ್ನದ ಊಟದವರೆಗೂ ಇರುತ್ತದೆ, ಆ ಊಟದ ಏರಿಕೆಯೂ ತಗ್ಗುತ್ತದೆ. ಕಾಳು ಇಲ್ಲದ ದಿನ ಜುಣಕ ಮಾಡಿ, ಕಡಲೆಹಿಟ್ಟು ಹತ್ತು ನಿಮಿಷದ ಕೆಲಸ. ಹಕ್ಕರಕಿ, ಮೂಲಂಗಿ, ಮೆಂತ್ಯೆಸೊಪ್ಪು ಹಸಿಯಾಗಿಯೇ ತಿನ್ನುವ ರೂಢಿ ನಮ್ಮಲ್ಲಿದೆ. ಅದನ್ನು ಮೊದಲು ತಿನ್ನಿ.

ಮುಂಜಾನೆ ಏಳಕ್ಕೆ ರೊಟ್ಟಿ ಬಡಿಯಲು ಯಾರಿಗೆ ಪುರುಸೊತ್ತು ಅಂತ ಕೇಳಬಹುದು. ಅದಕ್ಕೇ ರಾತ್ರಿಯದು. ಅದೂ ಆಗದಿದ್ದರೆ ತಾಲಿಪಟ್ಟಿ. ಜೋಳದ ಹಿಟ್ಟಿಗೆ ಕಡಲೆಹಿಟ್ಟು ಸೇರಿಸಿ, ಸೌತೆಕಾಯಿ ತುರಿದು ಹಾಕಿ, ಉಳ್ಳಾಗಡ್ಡಿ, ಕೊತ್ತಂಬರಿ, ಎಳ್ಳು ಕಲಸಿ ಹೆಂಚಿಗೆ ತಟ್ಟುವುದು. ಬಡಿಯುವ ಕೈಚಳಕ ಬೇಡ, ಹೊಸದಾಗಿ ಕಲಿಯುವವರಿಗೂ ಬರುತ್ತದೆ. ಬಿಸಿ ನಾಷ್ಟಾ ಬೇಕೇ ಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಅಂಬಲಿ, ನುಚ್ಚು, ಓಟ್ಸ್

ಜೋಳದ ನುಚ್ಚು ಗಟ್ಟಿಯಾಗಿ ಬೇಯಿಸಿ ಆರಿಸಿ ಮಜ್ಜಿಗೆ ಹಾಕಿಕೊಂಡರೆ ಚಲೋ ನಾಷ್ಟಾ. ಅದೇ ಜೋಳವನ್ನು ನುಣ್ಣಗೆ ಬೀಸಿ ಅಂಬಲಿ ಕಾಸಿ ಕುಡಿದರೆ ಬೇಗ ಏರುತ್ತದೆ. ಕುಡಿಯುವುದಕ್ಕೂ ಅಗಿಯುವುದಕ್ಕೂ ವ್ಯತ್ಯಾಸ ಇದೆ. ರಾಗಿ ಮಾಲ್ಟ್‌ಗೆ ಬೆಲ್ಲ ಹಾಕಿ ಆರೋಗ್ಯ ಅಂತ ಕುಡಿಯುವವರು ಒಮ್ಮೆ ಮೀಟರ್ ಹಚ್ಚಿ ನೋಡಿ. ಪ್ಯಾಕೆಟ್ಟಿನ ಮಸಾಲಾ ಓಟ್ಸ್ ಕೂಡ ತೆಳ್ಳಗೆ ಒತ್ತಿದ್ದು, ಮೂರು ನಿಮಿಷಕ್ಕೆ ಬೇಯುವುದು ಅದಕ್ಕೇ. ಗೋಧಿ ನುಚ್ಚು ಮನೆಯಲ್ಲೇ ಇರುವಾಗ ಸುಮ್ನೆ ಅದಕ್ಕೆ ದುಡ್ಡು ಹಾಕುವುದು ಯಾಕೆ?

ಉಪವಾಸದ ದಿನದ ಸಾಬೂದಾಣಿಯನ್ನು ಮರೆಯಬಾರದು. ಅದು ಬಹುಪಾಲು ಬರೀ ಪಿಷ್ಟ, ಜೊತೆಗೆ ಬಟಾಟೆ. ಶೇಂಗಾ ಪುಡಿ ಸ್ವಲ್ಪ ತಡೆಯುತ್ತದೆ, ಅಷ್ಟೇ. ಅವತ್ತು ಹುರಿದ ಶೇಂಗಾ, ಮೊಸರು, ಒಂದು ಪೇರಲಹಣ್ಣು ಸಾಕಾಗುತ್ತದೆ.

ಚಹಾದ ಲೆಕ್ಕ

ಸಕ್ಕರೆ ಕಾರ್ಖಾನೆಗಳ ಸೀಮೆ ನಮ್ಮದು. ಬೆಳಗಾವಿ, ಬಾಗಲಕೋಟೆ ತುಂಬ ಕಬ್ಬು, ಮಹಾಲಿಂಗಪುರದ ಬೆಲ್ಲಕ್ಕೆ ಬೇರೆಯದೇ ಹೆಸರು. ಅಭಿಮಾನ ಇರಲಿ. ಆದರೆ "ನಾನು ಸಕ್ಕರೆ ಬಿಟ್ಟೀನಿ, ಬೆಲ್ಲದ ಚಹಾ ಕುಡೀತೀನಿ" ಅನ್ನುವ ಸಮಾಧಾನಕ್ಕೆ ಮೀಟರ್ ಒಪ್ಪುವುದಿಲ್ಲ. ಬೆಲ್ಲದ ಬಹುಪಾಲು ಅದೇ ಸಕ್ಕರೆ. ಎರಡು ಚಮಚ ಹಾಕಿದ ಒಂದು ಕಪ್ಪಿನಲ್ಲಿ 8ರಿಂದ 10 ಗ್ರಾಂ. ಎದ್ದ ಕೂಡಲೇ ಒಂದು, ನಾಷ್ಟಾ ಜೊತೆ ಒಂದು, ಕೆಲಸಕ್ಕೆ ಹೋಗಿ ಒಂದು ಅಂದರೆ ಹತ್ತು ಗಂಟೆಯೊಳಗೆ 25 ಗ್ರಾಂ ಮುಗಿಯಿತು. ಜೊತೆಗೆ ಅದ್ದಲು ಟೋಸ್ಟೋ ಖಾರಿಯೋ ಇದ್ದೇ ಇರುತ್ತದೆ. ನಾಷ್ಟಾ ಬದಲಿಸುವ ಮೊದಲು ಚಹಾ ಬದಲಿಸಿ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಜಗಳ ತೆಗೆಯುವುದಿಲ್ಲ.

ಹಣ್ಣಿನಲ್ಲೂ ಅಷ್ಟೇ ವಿವೇಕ. ವಿಜಯಪುರದ ದ್ರಾಕ್ಷಿ ನಾಲ್ಕು ಕಾಳು ಬೇರೆ, ಒಣದ್ರಾಕ್ಷಿ ಒಂದು ಹಿಡಿ ಬೇರೆ. ನೀರು ಹೋಗಿ ಸಕ್ಕರೆ ಉಳಿದದ್ದೇ ಒಣದ್ರಾಕ್ಷಿ.

ನಾಷ್ಟಾ ಬಿಟ್ಟರೆ?

ಬಿಟ್ಟರೆ ಮುಂಜಾನೆ ತಿಂಡಿಯಿಂದ ಆಗುವ ಏರಿಕೆ ಇರುವುದಿಲ್ಲ ನಿಜ. ಆದರೆ ಟೈಪ್ 2 ಇರುವವರಲ್ಲಿ ನಾಷ್ಟಾ ಬಿಟ್ಟ ದಿನ ಮಧ್ಯಾಹ್ನದ ಊಟದ ನಂತರದ ಏರಿಕೆ ಜಾಸ್ತಿ ಆಗುವುದು ಕಂಡುಬಂದಿದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ತರದ ಗುಳಿಗೆ ನುಂಗುವವರು ನಾಷ್ಟಾ ಬಿಡಲೇಬಾರದು. ಪಿಷ್ಟವನ್ನೂ ಒಮ್ಮೆಲೇ ಅರ್ಧಕ್ಕೆ ಇಳಿಸಬಾರದು. ಶುಗರ್ 70ರ ಕೆಳಗೆ ಬಿದ್ದರೆ ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಮೊದಲು ಡಾಕ್ಟರ ಹತ್ತಿರ ಔಷಧದ ಅಳತೆ ಮಾತಾಡಿ, ಆಮೇಲೆ ತಟ್ಟೆ ಬದಲಿಸಿ. ಕಿಡ್ನಿ ತೊಂದರೆ ಇರುವವರೂ ಕಾಳು, ಶೇಂಗಾ ಜಾಸ್ತಿ ಮಾಡುವ ಮುಂಚೆ ಕೇಳಿ.

ನಿಮ್ಮ ಮನೆಯ ಹೋಲಿಕೆ

ಒಂದೇ ತಿಂಡಿ ಇಬ್ಬರಲ್ಲಿ ಬೇರೆ ಬೇರೆ ಏರಿಸುತ್ತದೆ. ಅದಕ್ಕೆ ಕೊನೆಯ ತೀರ್ಪು ನಿಮ್ಮ ಗ್ಲುಕೋಮೀಟರಿನದು. ತಿನ್ನುವ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎಣಿಸಿ 2 ತಾಸಿಗೆ ಇನ್ನೊಂದು ಸಲ ನೋಡಿ. ತಿಂದು ಮುಗಿಸಿದ ಮೇಲಿನಿಂದ ಅಲ್ಲ. ಡಯಾಬಿಟಿಸ್ ಇರುವ ಬಹುತೇಕ ವಯಸ್ಕರಿಗೆ ಊಟದ ನಂತರ 180ರ ಒಳಗೆ ಇರಲಿ ಅನ್ನುವುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇಟ್ಟ ಗುರಿ. ನಿಮ್ಮ ಡಾಕ್ಟರು ಬೇರೆ ಅಂಕಿ ಹೇಳಿದ್ದರೆ ಅದೇ ನಿಮ್ಮದು.

ಇವತ್ತು ಸೂಸಲ, ನಾಳೆ ರೊಟ್ಟಿ-ಕಾಳುಪಲ್ಯ ಇಟ್ಟು ನೋಡಿ. ಚಹಾ ಎರಡೂ ದಿನ ಒಂದೇ ತರ ಇರಲಿ, ಗುಳಿಗೆಯ ಹೊತ್ತೂ ಒಂದೇ ಇರಲಿ. ತಿಂದ ಮೇಲೆ ಒಂದು ದಿನ ಕೂತು, ಇನ್ನೊಂದು ದಿನ ಹದಿನೈದು ನಿಮಿಷ ನಡೆದು ಹೋಲಿಸಬೇಡಿ. ನಡೆದ ದಿನದ ಅಂಕಿ ತಾನಾಗಿಯೇ ಇಳಿದಿರುತ್ತದೆ, ಹೋಲಿಕೆ ಕೆಡುತ್ತದೆ. ಬೇಕಾದರೆ ಮೂರನೇ ದಿನ ಅದೇ ಸೂಸಲ ತಿಂದು ನಡೆದು ನೋಡಿ. ಚುಚ್ಚುವ ಮುಂಚೆ ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ದ್ರಾಕ್ಷಿ ರಸವೋ ಬೆಲ್ಲವೋ ಅಂಟಿದ್ದರೆ ಮೀಟರ್ ಅದನ್ನೂ ಸೇರಿಸಿ ಓದುತ್ತದೆ. ಅಂಕಿಯ ಪಕ್ಕದಲ್ಲಿ ತಿಂದದ್ದನ್ನು ಬರೀ "ನಾಷ್ಟಾ" ಅಂತ ಬರೆಯಬೇಡಿ. "ರೊಟ್ಟಿ 1, ಮಡಕಿಕಾಳು 1 ವಾಟಿ, ಮೊಸರು, ಸಪ್ಪೆ ಚಹಾ" ಅಂತ ಬರೆದಿಟ್ಟರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವರಿಗೂ ಓದಲು ಏನಾದರೂ ಇರುತ್ತದೆ.